50 ಡಾಲರ್, 15 ದಿನ, ಒಬ್ಬ ನ್ಯಾಯಾಧೀಶ

ಕೆನಡಾದಲ್ಲಿ ಆಶ್ರಯ ಕೇಳಿ ಸೋತವರು ಫೆಡರಲ್ ಕೋರ್ಟಿಗೆ ಹೋಗಲು ಕಟ್ಟಬೇಕಾದ ಶುಲ್ಕ 50 ಡಾಲರ್, ನಮ್ಮ ಲೆಕ್ಕದಲ್ಲಿ ಮೂರು ಸಾವಿರ ರೂಪಾಯಿ ಆಸುಪಾಸು. ಆದೇಶ ತಿಳಿದ 15 ದಿನಗಳೊಳಗೆ ಅರ್ಜಿ ಹಾಕಬೇಕು. ಇವು ಚಿಕ್ಕ ಅಂಕಿಗಳು. ತಲೆ ಕೆಡಿಸುವ ಅಂಕಿ ಬೇರೆ ಇದೆ. ಟೊರೊಂಟೊದ ಕಾನೂನು ಪ್ರಾಧ್ಯಾಪಕ ಶಾನ್ ರೆಹಾಗ್ 2005ರಿಂದ 2010ರವರೆಗಿನ 23,000ಕ್ಕೂ ಹೆಚ್ಚು ನಿರಾಶ್ರಿತರ ಅರ್ಜಿಗಳನ್ನು ಲೆಕ್ಕ ಹಾಕಿದರು. ಅರ್ಜಿ ವಿಚಾರಣೆಗೆ ಬರಬೇಕಾದರೆ ಮೊದಲು ನ್ಯಾಯಾಧೀಶರ ಅನುಮತಿ ಬೇಕು; ಅದು ಸಿಕ್ಕಿದ್ದು ಸರಾಸರಿ ಶೇ. 14ರಷ್ಟಕ್ಕೆ. ಆದರೆ ಒಬ್ಬ ನ್ಯಾಯಾಧೀಶರು ಅನುಮತಿ ಕೊಟ್ಟದ್ದು ಶೇ. 1.36ಕ್ಕೆ, ಇನ್ನೊಬ್ಬರು ಶೇ. 77.97ಕ್ಕೆ. ಅಂತರ 57 ಪಟ್ಟು! ಕಡತಗಳ ಗಟ್ಟಿತನದಲ್ಲಿ ಇಷ್ಟೊಂದು ವ್ಯತ್ಯಾಸ ಇತ್ತೆಂದು ಒಪ್ಪುವುದು ಕಷ್ಟ.

ಕೋರ್ಟಿನ ಮುಂದೆ ಬರುವ ತಕರಾರು ಬಹಳ ಸಲ ಒಂದೇ: ಆಶ್ರಯದ ಅರ್ಜಿ ತೀರ್ಮಾನಿಸುವ ಕೆಳಗಿನ ಮಂಡಳಿ ಅರ್ಜಿದಾರರನ್ನು ನಂಬಲಿಲ್ಲ. ಗಡಿಯಲ್ಲಿ ಅಧಿಕಾರಿಗೆ ಹೇಳಿದ ತಾರೀಖು ಒಂದು, ಲಿಖಿತ ಹೇಳಿಕೆಯಲ್ಲಿ ಇನ್ನೊಂದು, ದುಭಾಷಿಯ ಮೂಲಕ ಬಂದ ಉತ್ತರ ಮತ್ತೊಂದು. ಹಲ್ಲೆ ಮಾಡಿದವರು ಮೂವರೋ ನಾಲ್ವರೋ ಎಂಬಲ್ಲಿ ತಡವರಿಸಿದರೆ ಹಲ್ಲೆಯೇ ಆಗಿಲ್ಲವೆಂದು ಬರೆಯುವ ಆದೇಶಗಳೂ ಉಂಟು.

ಈ ಕುರಿತು ಕೆನಡಾದ ಕಾನೂನು ಕಾಗದದ ಮೇಲೆ ಉದಾರವಾಗಿಯೇ ಇದೆ. 1979ರ ಮಾಲ್ಡೊನಾಡೊ ತೀರ್ಪಿನ ಪ್ರಕಾರ, ಪ್ರಮಾಣ ಮಾಡಿ ಹೇಳಿದ್ದನ್ನು ಶಂಕಿಸಲು ಕಾರಣವಿಲ್ಲದಿದ್ದರೆ ನಿಜವೆಂದೇ ಹಿಡಿಯಬೇಕು. 1985ರ ಏಪ್ರಿಲ್ 4ರಂದು ಸುಪ್ರೀಂ ಕೋರ್ಟು ಸಿಂಗ್ ಪ್ರಕರಣದಲ್ಲಿ, ನಂಬಿಕೆಯೇ ಪ್ರಶ್ನೆಯಾದಾಗ ಮನುಷ್ಯನನ್ನು ಎದುರು ಕೂರಿಸಿಕೊಂಡು ಕೇಳಬೇಕು, ಕಾಗದ ನೋಡಿ ತೀರ್ಮಾನಿಸುವಂತಿಲ್ಲ ಎಂದಿತು. ಆ ಪ್ರಕರಣದ ಏಳು ಅರ್ಜಿದಾರರಲ್ಲಿ ಹೆಚ್ಚಿನವರು ಭಾರತದಿಂದ ಹೋದ ಸಿಖ್ಖರು. ತೀರ್ಪು ಕೊಟ್ಟ ಆರು ನ್ಯಾಯಮೂರ್ತಿಗಳು ಫಲಿತಾಂಶದಲ್ಲಿ ಒಂದಾದರೂ ಕಾರಣದಲ್ಲಿ ಮೂವರು ಒಂದು ಕಡೆ, ಮೂವರು ಇನ್ನೊಂದು ಕಡೆ. ಈ ತೀರ್ಪಿನ ಫಲವಾಗಿ 1989ರ ಜನವರಿ 1ರಂದು ವಲಸೆ ಮತ್ತು ನಿರಾಶ್ರಿತ ಮಂಡಳಿ ಹುಟ್ಟಿತು. 2001ರ ವಾಲ್ಟ್‌ಚೆವ್ ತೀರ್ಪು ಇನ್ನೂ ಒಂದು ಮಾತು ಸೇರಿಸಿತು: "ಹೀಗೆ ನಡೆದಿರಲಾರದು" ಎಂದು ತಳ್ಳಿಹಾಕುವುದು ತೀರಾ ಸ್ಪಷ್ಟವಿದ್ದಾಗ ಮಾತ್ರ, ಏಕೆಂದರೆ ಒಟ್ಟಾವಾದಲ್ಲಿ ಅಸಂಭವವೆನಿಸಿದ್ದು ಅರ್ಜಿದಾರನ ಊರಿನಲ್ಲಿ ದಿನನಿತ್ಯದ ಸಂಗತಿ ಆಗಿರಬಹುದು.

ಹಾಗಿದ್ದರೂ ಫೆಡರಲ್ ಕೋರ್ಟು ಅರ್ಜಿದಾರ ನಿಜ ಹೇಳಿದನೇ ಎಂದು ಹೊಸದಾಗಿ ಕೇಳುವುದಿಲ್ಲ. ನಂಬದಿರಲು ಕೊಟ್ಟ ಕಾರಣ ತರ್ಕಕ್ಕೆ ನಿಲ್ಲುತ್ತದೆಯೇ ಎಂದಷ್ಟೇ ನೋಡುತ್ತದೆ. 2019ರ ವಾವಿಲೊವ್ ತೀರ್ಪಿನ ನಂತರ ಅಳತೆಗೋಲು ಇದೇ. ನ್ಯಾಯಾಧೀಶರಿಗೆ ತಾವಾಗಿದ್ದರೆ ನಂಬುತ್ತಿದ್ದೆವು ಅನಿಸಿದರೂ ಅದು ಸಾಲದು.

ಇಲ್ಲಿ ಶೇಕಡಾವಾರಿನ ಒಂದು ವಿಚಿತ್ರವಿದೆ. ಮುಂದೆ ಕಿರುಕುಳ ಆಗುವ ಸಾಧ್ಯತೆ ಶೇ. 50 ಮೀರಬೇಕಿಲ್ಲ, ಗಂಭೀರ ಸಾಧ್ಯತೆ ಇದ್ದರೆ ಸಾಕೆಂದು 1989ರಿಂದಲೇ ತೀರ್ಮಾನವಾಗಿದೆ. ಆದರೆ ಆ ಭಯಕ್ಕೆ ಆಧಾರವಾದ ಹಿಂದಿನ ಘಟನೆಗಳು ಮಾತ್ರ ಒಂದೊಂದೂ ಶೇ. 50 ದಾಟಬೇಕು. ಅಂದರೆ ಶೇ. 45ರಷ್ಟು ನಂಬುವಂತಿರುವ ಬಂಧನ, ಶೇ. 45ರಷ್ಟು ನಂಬುವಂತಿರುವ ಬೆದರಿಕೆ ಪತ್ರ, ಎರಡೂ ಲೆಕ್ಕದಲ್ಲಿ ಸೊನ್ನೆ. ಸೊನ್ನೆಗಳನ್ನು ಕೂಡಿದರೆ ಗಂಭೀರ ಸಾಧ್ಯತೆ ಎಲ್ಲಿಂದ ಬರಬೇಕು? ಕೆಳ ಹಂತದ ಈ ಗಣಿತವನ್ನು ಮೇಲಿನ ಕೋರ್ಟು ಸಾಮಾನ್ಯವಾಗಿ ಮುಟ್ಟುವುದಿಲ್ಲ.

ಮಂಡಳಿಯ ತೀರ್ಪಿಗೆ 2012ರ ಡಿಸೆಂಬರ್‌ನಿಂದ ಒಂದು ಮೇಲ್ಮನವಿ ವಿಭಾಗವಿದೆ. ಬಹುಪಾಲು ಕಾಗದದ ಮೇಲೆಯೇ ನಡೆಯುವ ಪರಿಶೀಲನೆ ಅದು. ಆದರೆ ಅರ್ಜಿಗೆ "ನಂಬಲರ್ಹ ಆಧಾರವೇ ಇಲ್ಲ" ಎಂದು ಮಂಡಳಿ ಬರೆದರೆ ಆ ಮೇಲ್ಮನವಿಯೂ ಇಲ್ಲ, ಕೋರ್ಟಿಗೆ ಹೋದಾಗ ಗಡೀಪಾರಿಗೆ ತಾನಾಗಿ ಸಿಗುವ ತಡೆಯೂ ಇಲ್ಲ. ತಡೆ ಬೇಕಿದ್ದರೆ ಅದಕ್ಕೆ ಬೇರೆ ಅರ್ಜಿ, ವಕೀಲರಿಗೆ ಬೇರೆ ಫೀಸು. 50 ಡಾಲರ್ ಹೆಸರಿಗಷ್ಟೇ ಎನ್ನುವುದು ಇಲ್ಲಿ ತಿಳಿಯುತ್ತದೆ. ಹಣ ಹೋಗುವುದು ವಕೀಲರಿಗೆ, ಭಾಷಾಂತರಕ್ಕೆ, ಪ್ರಮಾಣಪತ್ರಕ್ಕೆ. ಗೆದ್ದರೂ ವಿಶೇಷ ಕಾರಣ ಇಲ್ಲದೆ ಎದುರು ಪಕ್ಷದಿಂದ ಖರ್ಚು ಕೊಡಿಸುವುದಿಲ್ಲವೆಂದು ವಲಸೆ ಪ್ರಕರಣಗಳ ನಿಯಮವೇ ಹೇಳುತ್ತದೆ. ಗೆಲುವು ಎಂದರೂ ಆಶ್ರಯವಲ್ಲ. ಸಾಮಾನ್ಯವಾಗಿ ಕಡತ ಮಂಡಳಿಗೆ ಮರಳಿ, ಬೇರೊಬ್ಬರ ಮುಂದೆ ಇನ್ನೊಮ್ಮೆ ಅದೇ ತಾರೀಖುಗಳನ್ನು ಹೇಳುವ ಅವಕಾಶ.

ಹೀಗೆ ಕೋರ್ಟಿಗೆ ಬರುವವರ ಸಾಲು ಈಚೆಗೆ ಬೆಳೆದಿದೆ. 2024ರಲ್ಲಿ ಫೆಡರಲ್ ಕೋರ್ಟಿಗೆ ಬಂದ ವಲಸೆ ಅರ್ಜಿಗಳು 24,000 ದಾಟಿದವು, ಕೋವಿಡ್‌ಗೆ ಮುಂಚಿನ ವರ್ಷಗಳ ಸುಮಾರು ನಾಲ್ಕು ಪಟ್ಟು. ಇದರಲ್ಲಿ ವಿದ್ಯಾರ್ಥಿ ವೀಸಾ, ಕೆಲಸದ ಪರವಾನಗಿಯ ತಕರಾರೂ ಸೇರಿದೆ.  ಮಂಡಳಿಯಲ್ಲೂ ಅದೇ ವರ್ಷದ ಕೊನೆಗೆ ಬಾಕಿ ಅರ್ಜಿಗಳು 2.6 ಲಕ್ಷ ಮೀರಿದ್ದವು. ದಾಖಲೆ ಪೂರ್ತಿ ಸಲ್ಲಿಸಲು ಇದ್ದ 30 ದಿನಗಳ ಗಡುವನ್ನು ಕೋರ್ಟು 2025ರಲ್ಲಿ 75 ದಿನಕ್ಕೆ ಏರಿಸಿತು. ಅರ್ಜಿದಾರರ ಮೇಲಿನ ಕರುಣೆಗಿಂತ ಹೆಚ್ಚಾಗಿ ರಾಶಿಯ ಒತ್ತಡವೇ ಇದಕ್ಕೆ ಕಾರಣ.

ಇವೆಲ್ಲದರಲ್ಲಿ ನನಗೆ ಒಪ್ಪಿಗೆಯಾಗದ ಪದ್ಧತಿ ಅನುಮತಿ ನಿರಾಕರಣೆಯದ್ದು. ಅನುಮತಿಯ ಹಂತದಲ್ಲಿ ಒಬ್ಬರೇ ನ್ಯಾಯಾಧೀಶರು, ಸಾಮಾನ್ಯವಾಗಿ ಕಾಗದ ಓದಿಯೇ ತೀರ್ಮಾನಿಸುತ್ತಾರೆ. ಬೇಡವೆಂದರೆ ಬರುವುದು ಒಂದು ಸಾಲಿನ ಆದೇಶ, ಕಾರಣವಿಲ್ಲದ್ದು. ಅದರ ಮೇಲೆ ಮೇಲ್ಮನವಿಯಿಲ್ಲ. ಮಂಡಳಿ ಕೊಟ್ಟ ಕಾರಣ ಸರಿಯೇ ಎಂದು ಪರೀಕ್ಷಿಸುವ ಕೋರ್ಟು ತಾನು ಮಾತ್ರ ಕಾರಣ ಹೇಳುವುದಿಲ್ಲ. ಪುರಸೊತ್ತಿಲ್ಲ ಎನ್ನುವ ವಾದವನ್ನೂ ಲೆಕ್ಕ ಹಾಕೋಣ. ಒಂದು ಕಡತಕ್ಕೆ ಕಾರಣ ಬರೆಯಲು ಅರ್ಧ ಗಂಟೆ ಎಂದಿಟ್ಟುಕೊಂಡರೆ 24,000ಕ್ಕೆ 12,000 ಗಂಟೆ. ದಿನಕ್ಕೆ ಎಂಟು ಗಂಟೆಯಂತೆ 1,500 ದಿನ. 40 ನ್ಯಾಯಾಧೀಶರು ಹಂಚಿಕೊಂಡರೆ ತಲಾ 37 ದಿನಕ್ಕೆ ಸ್ವಲ್ಪ ಮೇಲೆ. ಪೂರ್ತಿ ದಾಖಲೆ ಸಲ್ಲಿಸದೆ ಬಿದ್ದುಹೋಗುವ ಅರ್ಜಿಗಳನ್ನೂ ಅನುಮತಿ ಸಿಕ್ಕವನ್ನೂ ಕಳೆದರೆ ಇನ್ನೂ ಕಡಿಮೆ. ನಿರಾಶ್ರಿತರ ಕಡತಗಳಿಗೆ ಮಾತ್ರ ಕಾರಣ ಬರೆಯುವುದಾದರೆ ಅದಕ್ಕಿಂತಲೂ ಕಡಿಮೆ. 1.36ಕ್ಕೂ 77.97ಕ್ಕೂ ನಡುವೆ ಏನಿದೆ ಎಂದು ಹೊರಗಿನವರು ಓದಿ ತಿಳಿಯಲು ತಗಲುವ ವೆಚ್ಚ ಇಷ್ಟು.