ಊರು ಬದಲಾದರೆ ಶಾಲೆ ತಪ್ಪಬೇಕಿಲ್ಲ: ನಡುವರ್ಷದ ದಾಖಲಾತಿಯ ತಪ್ಪು ಕಲ್ಪನೆಗಳು

ಹೊಸ ಮನೆಗೆ ಹೋಗುವಾಗ ಗ್ಯಾಸ್ ಸಂಪರ್ಕ, ಮುಂಗಡ ಹಣ, ಬೋರ್‌ವೆಲ್ ನೀರು, ಹಾಲು ಹಾಕುವವರು ಎಂದು ಒಂದೊಂದನ್ನೂ ವಿಚಾರಿಸುತ್ತೇವೆ. ಮಗುವಿನ ಶಾಲೆಯ ವಿಷಯ ಬಂದಾಗ ಮಾತ್ರ ಅಕ್ಕಪಕ್ಕದವರು ಹೇಳಿದ್ದನ್ನೇ ನಂಬಿ ಕೂರುತ್ತೇವೆ. ‘ಟಿ.ಸಿ. ಇಲ್ಲದೆ ಯಾರೂ ಸೇರಿಸ್ಕೊಳ್ಳಲ್ಲ’, ‘ಈಗೇನಿದ್ರೂ ಮುಂದಿನ ಜೂನ್‌ಗೆ ನೋಡಿ’, ‘ಇಲ್ಲಿನ ವಿಳಾಸದ ಆಧಾರ್ ಬೇಕು’ ಎಂಬ ಮಾತುಗಳಿಗೆ ಹೆದರಿ ಎಷ್ಟೋ ಮಕ್ಕಳು ವಾರಗಟ್ಟಲೆ, ಕೆಲವರು ವರ್ಷದ ಉಳಿದ ತಿಂಗಳುಗಳನ್ನೆಲ್ಲ ಮನೆಯಲ್ಲೇ ಕಳೆಯುತ್ತಾರೆ. ಬ್ಯಾಂಕು, ಪೊಲೀಸ್ ಇಲಾಖೆಯ ವರ್ಗಾವಣೆಯ ಮೇಲೆ ಬಂದವರ ಮಕ್ಕಳಿಗೂ, ರಾಯಚೂರು, ಯಾದಗಿರಿ ಕಡೆಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳಿಗೂ ಈ ತೊಂದರೆ ತಪ್ಪಿದ್ದಲ್ಲ. ಹೆಚ್ಚು ದಿನ ಕಳೆದುಕೊಳ್ಳುವವರು ಎರಡನೆಯವರು.

ಕಾನೂನು ಹೇಳುವುದು ಬೇರೆ. 2002ರ 86ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ 21ಎ ವಿಧಿ ಸೇರಿತು. ಅದನ್ನು ಕಾರ್ಯರೂಪಕ್ಕೆ ತಂದ 2009ರ ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಕ್ಕಳಿಗೆ ಒಂದರಿಂದ ಎಂಟನೇ ತರಗತಿವರೆಗೆ ಉಚಿತ ಶಿಕ್ಷಣ ಕೊಡುವ ಹೊಣೆಯನ್ನು ಅದು ಸರ್ಕಾರದ ಮೇಲೆ ಹೊರಿಸುತ್ತದೆ. ಊರಿಂದ ಊರಿಗೆ ಹೋಗುವ ಮಗುವಿಗೆಂದೇ ಬರೆದ ನಿಯಮಗಳೂ ಅದರಲ್ಲಿವೆ. ಅವುಗಳ ಒಟ್ಟು ಸಾರ ಇಷ್ಟು: ಮಗು ಮೊದಲು ತರಗತಿಗೆ ಬರಲಿ, ಕಾಗದಪತ್ರ ಹಿಂದಿನಿಂದ ಬರಲಿ. ಇದನ್ನು ತಿಳಿದ ತಂದೆತಾಯಿ ಶಾಲೆಯ ಬಾಗಿಲಲ್ಲಿ ಅಳುಕಬೇಕಾಗಿಲ್ಲ.

ತಪ್ಪು ಕಲ್ಪನೆ 1: ಟಿ.ಸಿ. ಕೈಗೆ ಬರುವವರೆಗೆ ಹೊಸ ಶಾಲೆಗೆ ಸೇರಿಸುವಂತಿಲ್ಲ

ಸತ್ಯ: ವರ್ಗಾವಣೆ ಪತ್ರ (ಟಿ.ಸಿ.) ತಡವಾಯಿತೆಂದು ದಾಖಲಾತಿಯನ್ನು ಮುಂದೂಡುವಂತೆಯೂ ಇಲ್ಲ, ನಿರಾಕರಿಸುವಂತೆಯೂ ಇಲ್ಲ. ಕಾಯ್ದೆಯ 5ನೇ ಸೆಕ್ಷನ್ ಇದನ್ನು ನೇರವಾಗಿ ಹೇಳುತ್ತದೆ. ಯಾವುದೇ ಕಾರಣಕ್ಕೆ ಮಗು ಶಾಲೆ ಬದಲಾಯಿಸಬೇಕಾದರೂ, ಅದು ರಾಜ್ಯದೊಳಗಾಗಲಿ ಹೊರಗಾಗಲಿ, ಹಿಂದಿನ ಶಾಲೆಯ ಮುಖ್ಯ ಶಿಕ್ಷಕರು ಕೂಡಲೇ ಟಿ.ಸಿ. ಕೊಡಬೇಕು. ತಡಮಾಡಿದವರ ಮೇಲೆ ಸೇವಾ ನಿಯಮದಂತೆ ಶಿಸ್ತುಕ್ರಮ ಜರುಗಿಸಲು ಅವಕಾಶವಿದೆ.

‘ಫೀ ಬಾಕಿ ಇದೆ, ಕಟ್ಟಿದ ಮೇಲೆ ಟಿ.ಸಿ.’ ಎನ್ನುವ ಖಾಸಗಿ ಶಾಲೆಗಳಿವೆ. ಬಾಕಿ ಇದ್ದರೆ ಅದು ಶಾಲೆ ಮತ್ತು ಪೋಷಕರ ನಡುವಿನ ಹಣದ ವ್ಯವಹಾರ. ಅದರ ವಸೂಲಿಗೆ ಬೇರೆ ದಾರಿಗಳಿವೆ. ಟಿ.ಸಿ.ಯನ್ನು ಶುಲ್ಕ ವಸೂಲಿಯ ಸಾಧನ ಮಾಡಿಕೊಳ್ಳಬಾರದೆಂದು ಮದ್ರಾಸ್ ಹೈಕೋರ್ಟ್ 2024ರ ಜುಲೈನಲ್ಲಿ ಸ್ಪಷ್ಟವಾಗಿ ಹೇಳಿದೆ. ದೊಡ್ಡವರ ಲೆಕ್ಕಾಚಾರ ಮುಗಿಯುವವರೆಗೆ ಮಗುವನ್ನು ಒತ್ತೆ ಇಡುವುದು ಸಲ್ಲದು.

ಹಾಗೆಂದು ಟಿ.ಸಿ.ಯ ವಿಷಯದಲ್ಲಿ ಉದಾಸೀನ ಬೇಡ. ಕರ್ನಾಟಕದ ಶಾಲೆಗಳಲ್ಲಿ ಪ್ರತಿ ಮಗುವಿಗೂ ವಿದ್ಯಾರ್ಥಿಗಳ ಆನ್‌ಲೈನ್ ದಾಖಲೆ ವ್ಯವಸ್ಥೆಯಾದ ಸ್ಯಾಟ್ಸ್‌ನ ಒಂದು ಸಂಖ್ಯೆ ಇರುತ್ತದೆ. ಶಾಲೆ ಬದಲಾದರೂ ಸಂಖ್ಯೆ ಬದಲಾಗುವುದಿಲ್ಲ. ಹಳೆಯ ಶಾಲೆ ಕಂಪ್ಯೂಟರಿನಲ್ಲಿ ಮಗುವಿನ ದಾಖಲೆಯನ್ನು ಬಿಟ್ಟುಕೊಡದಿದ್ದರೆ ಹೊಸ ಶಾಲೆಯ ಪಟ್ಟಿಯಲ್ಲಿ ಹೆಸರು ಏರಿಸುವುದು ಕಷ್ಟವಾಗುತ್ತದೆ. ಆದ್ದರಿಂದ ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಟಿ.ಸಿ. ಕೈಗೆ ಬಂದ ತಕ್ಷಣ, ಹಳೆಯ ಶಾಲೆಯ ಆಫೀಸಿನಲ್ಲೇ ನಿಂತು ಓದಿ ನೋಡಿ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೆಸರು ಒಂದೇ ರೀತಿ ಇದೆಯೇ, ಇನಿಷಿಯಲ್ ಒಂದು ಕಡೆ ಹಿಂದೆ ಇನ್ನೊಂದು ಕಡೆ ಮುಂದೆ ಆಗಿದೆಯೇ, ಹುಟ್ಟಿದ ತಾರೀಖು ಅಂಕಿಯಲ್ಲೂ ಅಕ್ಷರದಲ್ಲೂ ಹೊಂದುತ್ತದೆಯೇ, ಓದುತ್ತಿದ್ದ ತರಗತಿ ಸರಿಯಿದೆಯೇ, ಮುಖ್ಯ ಶಿಕ್ಷಕರ ಸಹಿಯ ಜೊತೆ ಮೊಹರು ಬಿದ್ದಿದೆಯೇ ಎಂದು ಗಮನಿಸಿ. ಒಂದು ಅಕ್ಷರ ತಪ್ಪಿದರೂ ತಿದ್ದಿಸಲು ಬಸ್ಸು ಹತ್ತಿ ಹಳೆಯ ಊರಿಗೇ ಹೋಗಬೇಕಾಗುತ್ತದೆ. ಬೇರೆ ರಾಜ್ಯದಿಂದ ಬರುವವರು ಟಿ.ಸಿ.ಗೆ ಅಲ್ಲಿನ ಶಿಕ್ಷಣಾಧಿಕಾರಿಯ ಮೇಲುರುಜು ಹಾಕಿಸಿಕೊಂಡು ಹೊರಟರೆ ಇಲ್ಲಿ ಓಡಾಟ ಕಡಿಮೆಯಾಗುತ್ತದೆ.

ತಪ್ಪು ಕಲ್ಪನೆ 2: ಜೂನ್ ಕಳೆದರೆ ದಾಖಲಾತಿ ಮುಗಿದಂತೆ

ಸತ್ಯ: ವರ್ಷದ ಆರಂಭದಲ್ಲಿ ದಾಖಲಾತಿ ನಡೆಯುವುದು ರೂಢಿ. ಆದರೆ ಆ ಅವಧಿ, ಅದರ ನಂತರದ ವಿಸ್ತರಿತ ಅವಧಿ ಎರಡೂ ಮುಗಿದ ಮೇಲೆ ಬಂದ ಮಗುವಿಗೂ ಪ್ರವೇಶ ನಿರಾಕರಿಸಬಾರದೆಂದು 15ನೇ ಸೆಕ್ಷನ್ ಹೇಳುತ್ತದೆ. ದಸರಾ ರಜೆ ಮುಗಿಸಿ ಬಂದರೂ, ಸಂಕ್ರಾಂತಿಯ ಹೊತ್ತಿಗೆ ಬಂದರೂ ಸರ್ಕಾರಿ ಶಾಲೆಯ ಬಾಗಿಲು ತೆರೆದಿರಬೇಕು. ವಲಸೆ ಬಂದ ಕುಟುಂಬಗಳ ಮಕ್ಕಳ ದಾಖಲಾತಿಯನ್ನು ಖಚಿತಪಡಿಸುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯವೆಂದು 9ನೇ ಸೆಕ್ಷನ್ ಬೇರೆಯಾಗಿಯೇ ಬರೆದಿದೆ. ಕಟ್ಟಡದ ಶೆಡ್ಡಿನಲ್ಲಿರುವ ಮಗು ಶಾಲೆ ಹುಡುಕಿಕೊಂಡು ಬರಲೆಂದು ಕಾಯುವುದಲ್ಲ, ಆ ಮಗುವಿದ್ದಲ್ಲಿಗೆ ಹೋಗುವುದೇ ಅಧಿಕಾರಿಗಳ ಕೆಲಸ.

ನಡುವೆ ಸೇರಿದರೆ ಪಾಠ ಹಿಂದೆ ಬೀಳುತ್ತದೆಂಬ ಭಯ ಸಹಜ. ಇಲ್ಲಿ ನಮ್ಮ ಸರ್ಕಾರಿ ಕನ್ನಡ ಶಾಲೆಗಳಲ್ಲೊಂದು ಅನುಕೂಲವಿದೆ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕುಳಿತು ಕಲಿಯುವ ನಲಿ-ಕಲಿ ಪದ್ಧತಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಮುಂದೆ ರಾಜ್ಯಕ್ಕೆಲ್ಲ ಹರಡಿತು. ಅಲ್ಲಿ ಇಡೀ ತರಗತಿ ಒಂದೇ ಪುಟದಲ್ಲಿ ಇರುವುದಿಲ್ಲ. ಕಲಿಕಾ ಏಣಿಯ ಮೇಲೆ ಪ್ರತಿ ಮಗುವೂ ತಾನು ತಲುಪಿದ ಮೈಲಿಗಲ್ಲಿನಿಂದ ಮುಂದಿನ ಕಾರ್ಡು ತೆಗೆದುಕೊಂಡು, ಆ ಚಟುವಟಿಕೆಗೆ ತಕ್ಕ ಗುಂಪಿನಲ್ಲಿ ಹೋಗಿ ಕೂರುತ್ತದೆ. ರಜೆ ಹಾಕಿದ ಮಗು ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಹಾಗೆಯೇ ನವೆಂಬರಿನಲ್ಲಿ ಬಂದ ಹೊಸ ಮಗುವೂ ತನಗೆ ಗೊತ್ತಿರುವ ಮೆಟ್ಟಿಲಿನಿಂದಲೇ ಹತ್ತಲು ತೊಡಗಬಹುದು.

ತಪ್ಪು ಕಲ್ಪನೆ 3: ಆಧಾರ್, ಜನನ ಪ್ರಮಾಣಪತ್ರ, ಬಾಡಿಗೆ ಕರಾರು ಇಲ್ಲದಿದ್ದರೆ ಸೀಟಿಲ್ಲ

ಸತ್ಯ: ವಯಸ್ಸಿನ ದಾಖಲೆ ಇಲ್ಲವೆಂದು ಮಗುವಿಗೆ ಪ್ರವೇಶ ನಿರಾಕರಿಸಬಾರದೆಂದು 14ನೇ ಸೆಕ್ಷನ್ ಹೇಳುತ್ತದೆ. ಜನನ ಪ್ರಮಾಣಪತ್ರವಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಆಸ್ಪತ್ರೆಯ ದಾಖಲೆ, ಅಂಗನವಾಡಿಯ ದಾಖಲೆ, ಕೊನೆಗೆ ತಂದೆತಾಯಿಯ ಸ್ವಯಂಘೋಷಣೆಯಾದರೂ ನಡೆಯುತ್ತದೆ. ಶಾಲಾ ದಾಖಲಾತಿಗೆ ಆಧಾರ್ ಕಡ್ಡಾಯವಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಹೇಳಿದೆ. ಆಧಾರ್ ಇದ್ದರೆ ಕೊಡಿ. ಅದರ ವಿಳಾಸ ಇನ್ನೂ ಹಳೆಯ ಊರಿನದ್ದೇ ಆಗಿದ್ದರೆ ಅದಕ್ಕಾಗಿ ಮಗುವನ್ನು ಮನೆಯಲ್ಲಿ ಕೂರಿಸಬೇಡಿ.

ತಪ್ಪು ಕಲ್ಪನೆ 4: ಆರ್‌ಟಿಇ ಇರುವಾಗ ಕೇಳಿದ ಖಾಸಗಿ ಶಾಲೆ ಸೀಟು ಕೊಡಲೇಬೇಕು

ಸತ್ಯ: ಈ ವಿಷಯದಲ್ಲಿ ಆಸೆಯೇ ಕಾನೂನಿಗಿಂತ ಮುಂದೆ ಹೋಗಿಬಿಡುತ್ತದೆ. ವರ್ಗಾವಣೆ ಪಡೆಯುವ 5ನೇ ಸೆಕ್ಷನ್ನಿನ ಹಕ್ಕು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಅನ್ವಯಿಸುತ್ತದೆ. ಅನುದಾನರಹಿತ ಖಾಸಗಿ ಶಾಲೆಗಳನ್ನೂ ಕೇಂದ್ರೀಯ ವಿದ್ಯಾಲಯದಂಥ ವಿಶೇಷ ವರ್ಗದ ಶಾಲೆಗಳನ್ನೂ ಆ ಸೆಕ್ಷನ್ ಹೊರಗಿಟ್ಟಿದೆ. ಖಾಸಗಿ ಶಾಲೆ ‘ನಾಲ್ಕನೇ ತರಗತಿಯಲ್ಲಿ ಜಾಗವಿಲ್ಲ’ ಎಂದರೆ ಈ ಹಕ್ಕನ್ನು ಮುಂದಿಟ್ಟು ಒತ್ತಾಯಿಸಲು ಬರುವುದಿಲ್ಲ.

ಆರ್‌ಟಿಇ ಕೋಟಾದಲ್ಲಿ ಸೇರಿದ ಮಗುವಿನ ಪೋಷಕರು ಇದನ್ನು ವಿಶೇಷವಾಗಿ ತಿಳಿದಿರಬೇಕು. ಶೇ 25ರ ಆ ಸೀಟು ಆರಂಭದ ತರಗತಿಯಲ್ಲಿ, ನೆರೆಹೊರೆಯ ಶಾಲೆಯಲ್ಲಿ ಸಿಗುವಂಥದ್ದು. ಊರು ಬಿಟ್ಟರೆ ಅದು ಹೊಸ ಊರಿನ ಖಾಸಗಿ ಶಾಲೆಗೆ ತಾನಾಗಿ ವರ್ಗವಾಗುವುದಿಲ್ಲ. ಸುತ್ತಮುತ್ತ ಸರ್ಕಾರಿ ಅಥವಾ ಅನುದಾನಿತ ಶಾಲೆ ಇರುವಲ್ಲಿ ಖಾಸಗಿ ಶಾಲೆಯ ಕೋಟಾ ಸೀಟು ಕೊಡಬೇಕಿಲ್ಲವೆಂದು ಕರ್ನಾಟಕ 2019ರಲ್ಲಿ ನಿಯಮವನ್ನೂ ಬದಲಾಯಿಸಿತು. ಸ್ವಇಚ್ಛೆಯಿಂದ ಖಾಸಗಿ ಶಾಲೆಗೆ ಸೇರಿಸಿ, ಆ ಶುಲ್ಕವನ್ನು ಸರ್ಕಾರದಿಂದ ಕೇಳಲೂ ಬರುವುದಿಲ್ಲ. ಓದು ಅರ್ಧಕ್ಕೆ ನಿಲ್ಲದಿರಬೇಕಾದರೆ ಮನೆ ಬದಲಾಯಿಸುವ ಮುನ್ನವೇ ಇದನ್ನು ಯೋಚಿಸಿ.

ತಪ್ಪು ಕಲ್ಪನೆ 5: ಹೊಸ ಶಾಲೆ ಪರೀಕ್ಷೆ ಮಾಡಿ, ಪಾಸಾದರೆ ಮಾತ್ರ ಸೇರಿಸಿಕೊಳ್ಳಬಹುದು

ಸತ್ಯ: ದಾಖಲಾತಿಗೆ ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಜರಡಿ ಹಿಡಿಯುವುದು, ಡೊನೇಷನ್ ಕೇಳುವುದು ಎರಡನ್ನೂ 13ನೇ ಸೆಕ್ಷನ್ ನಿಷೇಧಿಸುತ್ತದೆ. ಖಾಸಗಿ ಶಾಲೆಗೂ ಇದು ಅನ್ವಯ. ಡೊನೇಷನ್ ಪಡೆದರೆ ಅದರ ಹತ್ತು ಪಟ್ಟಿನವರೆಗೆ ದಂಡ. ಪರೀಕ್ಷೆ, ಸಂದರ್ಶನದ ಮೂಲಕ ಆಯ್ದರೆ ಮೊದಲ ಬಾರಿಗೆ 25,000 ರೂಪಾಯಿವರೆಗೆ, ನಂತರದ ಪ್ರತಿ ಬಾರಿಗೆ 50,000 ರೂಪಾಯಿವರೆಗೆ ದಂಡ. ಸೇರಿಸಿಕೊಂಡ ಮೇಲೆ ಮಗುವಿಗೆ ಏನು ಗೊತ್ತಿದೆಯೆಂದು ಶಿಕ್ಷಕರು ನೋಡುವುದು ಬೇರೆ; ಅದು ಕಲಿಸುವುದರ ಮೊದಲ ಹೆಜ್ಜೆ.

ತಪ್ಪು ಕಲ್ಪನೆ 6: ಕನ್ನಡ ಬಾರದಿದ್ದರೆ, ನಡುವೆ ಓದು ಬಿಟ್ಟಿದ್ದರೆ ಚಿಕ್ಕ ತರಗತಿಗೆ ಹಾಕುತ್ತಾರೆ

ಸತ್ಯ: ಓದುತ್ತಿದ್ದ ಮಗು ಟಿ.ಸಿ.ಯಲ್ಲಿರುವ ತರಗತಿಯಲ್ಲೇ ಮುಂದುವರಿಯಬೇಕು. ಶಾಲೆಗೆ ಸೇರದೇ ಇದ್ದ ಅಥವಾ ನಡುವೆ ಬಿಟ್ಟ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ, ಕಲಿಕೆ ಸರಿತೂಗಲು ವಿಶೇಷ ತರಬೇತಿ ಕೊಡಬೇಕೆಂದು 4ನೇ ಸೆಕ್ಷನ್ ಹೇಳುತ್ತದೆ. ಒಂಬತ್ತು ವರ್ಷದ ಹುಡುಗಿಯನ್ನು ಆರು ವರ್ಷದವರ ಜೊತೆ ಕೂರಿಸಿದರೆ ಆಕೆ ಕಲಿಯುವುದಕ್ಕಿಂತ ಮುದುಡುವುದೇ ಹೆಚ್ಚು.

ಭಾಷೆಯ ಕಾರಣಕ್ಕೂ ಬಾಗಿಲು ಮುಚ್ಚುವುದಿಲ್ಲ. ನಮ್ಮ ರಾಜ್ಯದಲ್ಲಿ ಕನ್ನಡದ ಜೊತೆ ಉರ್ದು, ಮರಾಠಿ, ತಮಿಳು, ತೆಲುಗು ಮಾಧ್ಯಮದ ಸರ್ಕಾರಿ ಶಾಲೆಗಳಿವೆ. 2019–20ರಿಂದ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ಶುರುವಾದವು. ಯಾವ ಮಾಧ್ಯಮವಾದರೂ ಶಾಲೆಯಲ್ಲಿ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಬೇಕೆಂದು 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಹೇಳುತ್ತದೆ. ಹೊರಗಿನಿಂದ ಬಂದ ಮಗುವಿಗೆ ಕನ್ನಡವೆಂದರೆ ಆಟದ ಜೊತೆಗಾರರನ್ನು ಗಳಿಸುವ ದಾರಿ. ಬಿಸಿಯೂಟದ ಸಾಲಿನಲ್ಲಿ, ಕಬಡ್ಡಿಯ ಅಂಗಳದಲ್ಲಿ ಮಕ್ಕಳು ಅದನ್ನು ನಮ್ಮ ನಿರೀಕ್ಷೆಗಿಂತ ಬೇಗ ಹಿಡಿಯುತ್ತಾರೆ.

ತಪ್ಪು ಕಲ್ಪನೆ 7: ಅಲ್ಲಿ ಯುಕೆಜಿ ಮುಗಿಸಿದ್ದಾಳೆ, ಇಲ್ಲಿ ಒಂದನೇ ತರಗತಿ ಖಚಿತ

ಸತ್ಯ: ಒಂದನೇ ತರಗತಿಯ ವಯಸ್ಸನ್ನು ಲೆಕ್ಕ ಹಾಕುವ ದಿನ ಎಲ್ಲ ಕಡೆಯೂ ಒಂದೇ ಅಲ್ಲ. ಕರ್ನಾಟಕದಲ್ಲಿ ಜೂನ್ 1ಕ್ಕೆ ಲೆಕ್ಕ. ಕೇಂದ್ರೀಯ ವಿದ್ಯಾಲಯದಲ್ಲಿ ಮಾರ್ಚ್ 31ಕ್ಕೆ. ಆರು ವರ್ಷ ತುಂಬಿರಬೇಕೆಂಬ ನಿಯಮದಿಂದ 2025–26ನೇ ಸಾಲಿಗೆ ರಾಜ್ಯ ಸರ್ಕಾರ ಸಡಿಲಿಕೆ ಕೊಟ್ಟು 5 ವರ್ಷ 5 ತಿಂಗಳಿಗೆ ಇಳಿಸಿತ್ತು. ಸೇರಿಸುವ ವರ್ಷದ ಆದೇಶವನ್ನು ಕೇಳಿ ತಿಳಿದುಕೊಂಡೇ ಅರ್ಜಿ ಹಾಕಿ.

ತಪ್ಪು ಕಲ್ಪನೆ 8: ವರ್ಗಾವಣೆ ಆದೇಶವಿದ್ದರೆ ಕೇಂದ್ರೀಯ ವಿದ್ಯಾಲಯದಲ್ಲಿ ಸೀಟು ಸಿಕ್ಕೇ ಸಿಗುತ್ತದೆ

ಸತ್ಯ: ಅಲ್ಲಿ ಆದ್ಯತೆಯ ಸಾಲಿದೆ. ಕೇಂದ್ರ ಸರ್ಕಾರದ, ಸೇನೆಯ ನೌಕರರ ಮಕ್ಕಳು ಮೊದಲು. ರಾಜ್ಯ ಸರ್ಕಾರಿ ನೌಕರರ ಮಕ್ಕಳು, ಇತರರು ನಂತರ. ಆದ್ಯತೆಯ ಸಾಲಿನೊಳಗೆ ಕಳೆದ ಏಳು ವರ್ಷಗಳಲ್ಲಿ ಎಷ್ಟು ಬಾರಿ ವರ್ಗವಾಗಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಎರಡನೇ ತರಗತಿಯಿಂದ ಮೇಲೆ ಖಾಲಿ ಜಾಗವಿದ್ದರಷ್ಟೇ ಹೊಸಬರಿಗೆ ಅವಕಾಶ. ಸಂಸದರ ಶಿಫಾರಸಿನ ಕೋಟಾ 2022ರಲ್ಲೇ ರದ್ದಾಗಿದೆ. ಈಗಲೂ ಅದರ ಹೆಸರಿನಲ್ಲಿ ಸೀಟು ಕೊಡಿಸುತ್ತೇವೆ ಎನ್ನುವವರಿಗೆ ಹಣ ಕೊಡಬೇಡಿ.

ತಪ್ಪು ಕಲ್ಪನೆ 9: ಮುಖ್ಯ ಶಿಕ್ಷಕರು ಇಲ್ಲವೆಂದರೆ ಮುಗಿಯಿತು

ಸತ್ಯ: ಮೇಲೆ ಕೇಳುವವರಿದ್ದಾರೆ. ಮೊದಲು ಆ ಭಾಗದ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯನ್ನು (ಸಿಆರ್‌ಪಿ) ವಿಚಾರಿಸಿ. ಯಾವ ಶಾಲೆಯಲ್ಲಿ ಯಾವ ಮಾಧ್ಯಮವಿದೆ, ಎಷ್ಟನೇ ತರಗತಿವರೆಗೆ ಇದೆ ಎಂಬುದು ಅವರಿಗೆ ಬಾಯಲ್ಲೇ ಇರುತ್ತದೆ. ಅಲ್ಲಿ ಆಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿ, ಅದರ ಮೇಲೆ ಶೈಕ್ಷಣಿಕ ಜಿಲ್ಲೆಯ ಉಪನಿರ್ದೇಶಕರ (ಡಿಡಿಪಿಐ) ಕಚೇರಿ. ಹೊಸಬರು ಎಡವುವುದು ಕಚೇರಿ ಹುಡುಕುವಲ್ಲಿ. ಶೈಕ್ಷಣಿಕ ಜಿಲ್ಲೆ ಕಂದಾಯ ಜಿಲ್ಲೆಯಂತೆಯೇ ಇರುವುದಿಲ್ಲ. ಶಿರಾ, ಪಾವಗಡಗಳು ತುಮಕೂರು ಜಿಲ್ಲೆಯಲ್ಲಿದ್ದರೂ ಶಾಲೆಯ ಮಟ್ಟಿಗೆ ಮಧುಗಿರಿಗೆ ಸೇರುತ್ತವೆ. ಬೆಂಗಳೂರು ನಗರವನ್ನು ಉತ್ತರ, ದಕ್ಷಿಣ ಎಂದು ಭಾಗ ಮಾಡಿ, ಅದರೊಳಗೆ ಮತ್ತೆ ವಲಯಗಳನ್ನು ಮಾಡಿದ್ದಾರೆ.

ದೂರನ್ನು ಬರಹದಲ್ಲೇ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಸ್ಥಳೀಯ ಪ್ರಾಧಿಕಾರ ಇಂಥ ದೂರನ್ನು ಮೂರು ತಿಂಗಳೊಳಗೆ ತೀರ್ಮಾನಿಸಬೇಕೆಂದು 32ನೇ ಸೆಕ್ಷನ್ ಹೇಳುತ್ತದೆ. ತೃಪ್ತಿಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಹೋಗಬಹುದು. ಅಷ್ಟರಲ್ಲಿ ಮಗು ಹತ್ತಿರದ ಇನ್ನೊಂದು ಸರ್ಕಾರಿ ಶಾಲೆಗೆ ಹೋಗುತ್ತಿರಲಿ.

ಹೊರಡುವ ಮುನ್ನ, ಬಂದ ಮೇಲೆ

ಹೊರಡುವ ವಾರದಲ್ಲೇ ಟಿ.ಸಿ.ಗೆ ಅರ್ಜಿ ಕೊಡಿ. ಸ್ಯಾಟ್ಸ್ ಸಂಖ್ಯೆ, ಪ್ರಗತಿ ಪತ್ರ, ಜನನ ಪ್ರಮಾಣಪತ್ರ, ಜಾತಿ–ಆದಾಯ ಪ್ರಮಾಣಪತ್ರ ಒಂದೇ ಕವರಿನಲ್ಲಿ ಇರಲಿ. ಮೊಬೈಲಿನಲ್ಲಿ ಫೋಟೊ ಕೂಡ ತೆಗೆದಿಟ್ಟುಕೊಳ್ಳಿ. ಒಂದರಿಂದ ಐದನೇ ತರಗತಿವರೆಗಿನ ಶಾಲೆ ಒಂದು ಕಿಲೋಮೀಟರಿನೊಳಗೆ, ಆರರಿಂದ ಎಂಟರವರೆಗಿನದು ಮೂರು ಕಿಲೋಮೀಟರಿನೊಳಗೆ ಇರಬೇಕೆಂಬುದು ಸರ್ಕಾರಕ್ಕೆ ಹಾಕಿದ ಅಳತೆ. ಆ ಗೆರೆ ದಾಟಿ ದೂರದ ಸರ್ಕಾರಿ ಶಾಲೆ ಆರಿಸಿಕೊಳ್ಳಲು ನಿಮಗೆ ಅಡ್ಡಿಯಿಲ್ಲ. ಮಗು ನಾಲ್ಕು ಅಥವಾ ಐದನೇ ತರಗತಿಯಲ್ಲಿದ್ದರೆ, ಐದಕ್ಕೇ ನಿಲ್ಲುವ ಕಿರಿಯ ಪ್ರಾಥಮಿಕ ಶಾಲೆಗಿಂತ ಹಿರಿಯ ಪ್ರಾಥಮಿಕ ಶಾಲೆಯನ್ನೋ, ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿರುವ ಕರ್ನಾಟಕ ಪಬ್ಲಿಕ್ ಶಾಲೆಯನ್ನೋ ನೋಡಿ. ಇನ್ನೊಮ್ಮೆ ಶಾಲೆ ಬದಲಾಯಿಸುವುದು ತಪ್ಪುತ್ತದೆ.

ಹೊಸ ಊರಿನಲ್ಲಿ ದೊಡ್ಡವರಿಗೆ ಕೆಲಸವಿರುತ್ತದೆ, ಮಾತಾಡಲು ಸಹೋದ್ಯೋಗಿಗಳಿರುತ್ತಾರೆ. ಮಗು ಹಳೆಯ ಗೆಳೆಯರನ್ನು ಬಿಟ್ಟು ಬಂದಿರುತ್ತದೆ. ಹೊಸ ಗೆಳೆಯರು ಅದಕ್ಕೆ ಸಿಗುವುದು ಶಾಲೆಯಲ್ಲಿ. ಆದ್ದರಿಂದ ಸಾಮಾನು ಇಳಿಸಿದ ಮರುದಿನವೇ ಹತ್ತಿರದ ಸರ್ಕಾರಿ ಶಾಲೆಗೆ ಮಗುವಿನ ಕೈ ಹಿಡಿದು ಹೋಗಿ. ಕಾಗದ ಒಂದೆರಡು ಕಡಿಮೆಯಿದ್ದರೂ ಹೋಗಿ. ಸೇರಿಸಿಕೊಳ್ಳಿ ಎಂದು ಕೇಳುವಾಗ ನೀವು ಯಾರ ಉಪಕಾರವನ್ನೂ ಬೇಡುತ್ತಿಲ್ಲ, ನಿಮ್ಮ ಮಗುವಿನ ಹಕ್ಕನ್ನು ಕೇಳುತ್ತಿದ್ದೀರಿ.