ಎತ್ತರಿಸಿದ ಜೀಪು, ಉದ್ದವಾದ ಶಾಫ್ಟು

ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿಯು ದನಗಳ ಜಾತ್ರೆಗೆ ಹೆಸರಾದ ಸ್ಥಳ. ಎತ್ತಿನ ಬಲವು ಗಾಡಿಗೆ ತಲಪುವ ಬಗೆಯನ್ನು ಆ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎತ್ತು ನೊಗವನ್ನೆಳೆಯುವುದು, ನೊಗವು ಮೂಕಿಯನ್ನೆಳೆಯುವುದು, ಗಾಲಿಯು ತಾನಾಗಿ ಉರುಳುವುದು. ಮೋಟಾರು ವಾಹನದಲ್ಲಿ ಹಾಗಲ್ಲ. ಅಲ್ಲಿ ಎಂಜಿನು ಗಾಲಿಯನ್ನೇ ತಿರುಗಿಸಬೇಕು. ಎಂಜಿನು ಚೌಕಟ್ಟಿನ ಮೇಲೆ ಭದ್ರವಾಗಿ ಕುಳಿತಿರುತ್ತದೆ. ಗಾಲಿಗಳ ಅಚ್ಚಾದರೋ ಕಮಾನುಪಟ್ಟಿಗಳ ಕೆಳಗೆ ಹಳ್ಳದಿಣ್ಣೆಗಳಿಗೆ ತಕ್ಕಂತೆ ಏರಿಳಿಯುತ್ತಿರುತ್ತದೆ. ಹೀಗೆ ಒಂದೆಡೆ ನಿಲ್ಲದ ಅಚ್ಚಿಗೆ ಬಲವನ್ನು ಸಾಗಿಸುವ ಉಕ್ಕಿನ ಕೊಳವೆಯೇ ಪ್ರೊಪೆಲ್ಲರ್ ಶಾಫ್ಟು.

ಹೇಮಗಿರಿಯ ಬಳಿ ಹರಿಯುವ ಹೇಮಾವತಿಯ ಜಾಡನ್ನು ಹಿಡಿದು ಮೇಲಕ್ಕೆ ಹೋದರೆ ಸಕಲೇಶಪುರ, ಮೂಡಿಗೆರೆಗಳ ಕಾಫಿ ತೋಟಗಳ ಸೀಮೆಯನ್ನು ಸೇರುತ್ತೇವೆ. ಅಲ್ಲಿನ ಕೆಸರಿನ ಏರುದಾರಿಗಳಲ್ಲಿ ನಾಲ್ಕು ಗಾಲಿಗಳಿಗೂ ಬಲವುಳ್ಳ ಜೀಪು ಬಹುಕಾಲದಿಂದ ಪರಿಚಿತವಾದ ವಾಹನ. ಕಲ್ಲುಕೊರಕಲುಗಳನ್ನು ದಾಟಲೆಂದು ಇಂಥ ಜೀಪುಗಳನ್ನು ಕೆಲವರು ಎತ್ತರಿಸುವುದುಂಟು. ಹೆಚ್ಚು ಬಾಗಿದ ಕಮಾನುಪಟ್ಟಿಗಳನ್ನು ಹಾಕಿ ಚೌಕಟ್ಟನ್ನು ಮೇಲೆತ್ತಿ, ಹಾಗೆ ದೊರೆತ ಜಾಗದಲ್ಲಿ ದೊಡ್ಡ ಟೈರುಗಳನ್ನು ತೊಡಿಸುತ್ತಾರೆ. ಟೈರು ದೊಡ್ಡದಾದರೆ ಅಚ್ಚೂ ಚೌಕಟ್ಟೂ ಒಟ್ಟಿಗೆ ಏರುವುದರಿಂದ ಶಾಫ್ಟಿಗೆ ಬಾಧೆಯಿಲ್ಲ. ಕಮಾನುಪಟ್ಟಿಯನ್ನು ಬದಲಿಸಿದಾಗ ಚೌಕಟ್ಟು ಮಾತ್ರ ಏರಿ, ಅಚ್ಚಿನಿಂದ ದೂರವಾಗುತ್ತದೆ. ತೊಡಕು ಇಲ್ಲಿಯೇ ಹುಟ್ಟುವುದು.

ಶಾಫ್ಟಿನ ಎರಡು ತುದಿಗಳಲ್ಲಿಯೂ ಯುನಿವರ್ಸಲ್ ಜಾಯಿಂಟು ಎಂಬ ಕೀಲು ಇರುತ್ತದೆ. ಎರಡು ಕವಲುಗಳ ನಡುವೆ ಶಿಲುಬೆಯಾಕಾರದ ಒಂದು ತುಂಡು. ಇಷ್ಟೇ ಅದರ ರಚನೆ. 17ನೆಯ ಶತಮಾನದಲ್ಲಿ ಇದರ ಗುಣವನ್ನು ವಿವೇಚಿಸಿದ ಆಂಗ್ಲ ವಿಜ್ಞಾನಿ ರಾಬರ್ಟ್ ಹುಕ್‌ನ ಹೆಸರು ಅದಕ್ಕೆ ಇಂದಿಗೂ ಉಳಿದಿದೆ. ಶಾಫ್ಟು ಓರೆಯಾಗಿದ್ದರೂ ತಿರುಗಲು ಈ ಕೀಲು ಅವಕಾಶ ಕೊಡುತ್ತದೆ. ಉದ್ದದ ಹೆಚ್ಚುಕಡಿಮೆಗಾಗಿ ಜಾರುಕೀಲೊಂದಿದೆ: ಉದ್ದುದ್ದನೆಯ ಗೀರುಗಳುಳ್ಳ ದಂಡವು ಅಂಥದೇ ಗೀರುಗಳುಳ್ಳ ಕೊಳವೆಯೊಳಗೆ ಜಾರುತ್ತ, ಜತೆಯಲ್ಲಿಯೇ ತಿರುಗುತ್ತದೆ.

ಈಗ ಒಂದು ಲೆಕ್ಕವನ್ನು ಮಾಡೋಣ. ಹಿಂದಿನ ಶಾಫ್ಟಿನ ಎರಡು ಕೀಲುಗಳ ನಡುವಣ ಅಡ್ಡದೂರವು 60 ಸೆಂಟಿಮೀಟರು, ಎತ್ತರದ ವ್ಯತ್ಯಾಸವು 15 ಸೆಂಟಿಮೀಟರು ಎಂದಿರಲಿ. ಪೈಥಾಗೊರಸನ ಪ್ರಮೇಯದಂತೆ ಶಾಫ್ಟಿನ ಉದ್ದವು ಸುಮಾರು 61.8 ಸೆಂಟಿಮೀಟರು. ಚೌಕಟ್ಟನ್ನು 10 ಸೆಂಟಿಮೀಟರು ಎತ್ತರಿಸಿದರೆ ಅದು 65 ಆಗಬೇಕು. ಹೆಚ್ಚಿದ ಈ 3 ಸೆಂಟಿಮೀಟರನ್ನು ಜಾರುಕೀಲು ತನ್ನ ಹಿಡಿತದಿಂದಲೇ ತೆರಬೇಕಾಗುವುದು. ಹಳ್ಳದಲ್ಲಿ ಅಚ್ಚು ಇನ್ನೂ 10 ಸೆಂಟಿಮೀಟರು ಜೋತುಬಿದ್ದರೆ ಮತ್ತೆ 4.5 ಸೆಂಟಿಮೀಟರು ಬೇಕು. ಹಿಡಿತವು ಅಷ್ಟಿಲ್ಲದಿದ್ದರೆ ಶಾಫ್ಟು ಕಳಚಿಕೊಳ್ಳುವುದು. ಉದ್ದನೆಯ ಶಾಫ್ಟು ಬೇಕಾಗುವುದು ಇದಕ್ಕಾಗಿ. ಅಡ್ಡದೂರವು 150 ಸೆಂಟಿಮೀಟರಿರುವ ಲಾರಿಯಲ್ಲಿಯಾದರೆ ಅದೇ ಎತ್ತರಿಕೆಗೆ ಹೆಚ್ಚುವ ಉದ್ದ 1.3 ಸೆಂಟಿಮೀಟರು ಮಾತ್ರ. ಗಿಡ್ಡ ವಾಹನಕ್ಕೆ ತೊಂದರೆ ಹೆಚ್ಚು.

ಆದರೆ ಉದ್ದಕ್ಕಿಂತಲೂ ಕೋನದ ಬದಲಾವಣೆಯೇ ಗಹನವಾದುದು. ನಮ್ಮ ಉದಾಹರಣೆಯಲ್ಲಿ ಶಾಫ್ಟಿನ ಓರೆ 14 ಡಿಗ್ರಿಯಿಂದ ಸುಮಾರು 22.6 ಡಿಗ್ರಿಗೆ ಏರುತ್ತದೆ. ಓರೆಯಾದ ಹುಕ್ ಕೀಲು ಒಂದೇ ವೇಗದಲ್ಲಿ ತಿರುಗಿಸಲಾರದು. ಪ್ರತಿ ಸುತ್ತಿನಲ್ಲಿಯೂ ಎರಡು ಸಲ ಮುನ್ನುಗ್ಗಿ, ಎರಡು ಸಲ ಹಿಂಜರಿಯುತ್ತದೆ. 14 ಡಿಗ್ರಿಯಲ್ಲಿ ಈ ಏರಿಳಿತವು ಎರಡು ಕಡೆಗೂ ಶೇಕಡಾ 3ರಷ್ಟು; 22.6 ಡಿಗ್ರಿಯಲ್ಲಿ ಶೇಕಡಾ 8ರಷ್ಟು. ಕೋನವು ಒಂದೂವರೆ ಪಟ್ಟಿಗಿಂತ ತುಸು ಹೆಚ್ಚಿದರೆ ನಡುಕಕ್ಕೆ ಕಾರಣವಾದ ಏರಿಳಿತವು ಎರಡೂವರೆ ಪಟ್ಟಿಗೂ ಮೀರಿತು!

ಒಂದು ಕೀಲಿನ ದೋಷವನ್ನು ಇನ್ನೊಂದು ಕೀಲು ಅಳಿಸಬಲ್ಲುದು. ಆದರೆ ಅದಕ್ಕೆ ಎರಡು ನಿಯಮಗಳುಂಟು: ಎರಡು ತುದಿಗಳ ಕೋನಗಳೂ ಸಮನಾಗಿರಬೇಕು, ಶಾಫ್ಟಿನ ಮೇಲಿನ ಎರಡು ಕವಲುಗಳೂ ಒಂದೇ ಸಮತಲದಲ್ಲಿರಬೇಕು. ಆದುದರಿಂದ ಎತ್ತರಿಸಿದ ಮೇಲೆ ಅಚ್ಚಿನ ಕೆಳಗೋ ಮೇಲೋ ಬೆಣೆ ಕೊಟ್ಟು ಅದರ ಮೂತಿಯ ಓರೆಯನ್ನು ಸರಿಪಡಿಸುತ್ತಾರೆ. ಜಾರುಕೀಲನ್ನು ಬಿಚ್ಚಿ ಒಂದು ಹಲ್ಲು ತಪ್ಪಿಸಿ ಕೂಡಿಸಿದರೂ ಎರಡನೆಯ ನಿಯಮವು ಮುರಿಯುವುದು.

ಹಾಗಾದರೆ ಶಾಫ್ಟನ್ನು ಸಾಕಷ್ಟು ಉದ್ದ ಮಾಡಿಬಿಡಬಾರದೇಕೆ? ಅಚ್ಚು ಪೂರ್ತಿ ಮೇಲೆದ್ದಾಗ ಅತಿ ಉದ್ದನೆಯ ಶಾಫ್ಟು ಜಾರಲು ಜಾಗವಿಲ್ಲದೆ ಗೇರು ಪೆಟ್ಟಿಗೆಯನ್ನೇ ತಿವಿಯುತ್ತದೆ. ಆದಕಾರಣ ಸಮನೆಲದ ಮೇಲಿನ ಅಳತೆಯೊಂದೇ ಸಾಲದು. ಅಚ್ಚು ಪೂರ್ತಿ ಜೋತುಬಿದ್ದಾಗಲೂ ಪೂರ್ತಿ ಒತ್ತಲ್ಪಟ್ಟಾಗಲೂ ಅಳೆದು, ಎರಡಕ್ಕೂ ಸಲ್ಲುವ ಉದ್ದವನ್ನು ಆರಿಸಬೇಕು. ಇನ್ನೊಂದು ಮಾತು: ತಿರುಗುವ ಶಾಫ್ಟು ಒಂದು ವೇಗವನ್ನು ಮುಟ್ಟಿದಾಗ ನಡುವಿನಲ್ಲಿ ಬಿಲ್ಲಿನಂತೆ ಬಾಗಿ ಬೀಸತೊಡಗುತ್ತದೆ. ಈ ವೇಗವು ಉದ್ದದ ವರ್ಗಕ್ಕೆ ವಿಲೋಮವಾದುದು. ಉದ್ದವು ಇಮ್ಮಡಿಯಾದರೆ ಅದು ನಾಲ್ಕನೆಯ ಒಂದು ಪಾಲಿಗೆ ಇಳಿಯುವುದು. ಹೊಸ ಕೊಳವೆಯನ್ನು ಬೆಸೆದ ಶಾಫ್ಟನ್ನು ಯಂತ್ರದ ಮೇಲೆ ತಿರುಗಿಸಿ ತೂಕ ಸರಿದೂಗಿಸದೆ ಜೋಡಿಸಲಾಗದು.

ಇದು ಬರಿಯ ಯಂತ್ರಕುಶಲತೆಯ ವಿಷಯವಲ್ಲ. ಹಳೆಯ ವಿಲ್ಲಿಸ್ ಮಾದರಿಯ ಜೀಪುಗಳಲ್ಲಿ ಕೈಬ್ರೇಕು ಗಾಲಿಗಳ ಮೇಲೆ ನೇರವಾಗಿ ಬೀಳದೆ, ಹಿಂದಿನ ಶಾಫ್ಟು ಹೊರಡುವೆಡೆಯಲ್ಲಿ ಬೀಳುತ್ತದೆ. ಆ ಶಾಫ್ಟು ಕಳಚಿದರೆ ಕೈಬ್ರೇಕು ಹಿಂದಿನ ಗಾಲಿಗಳನ್ನು ಹಿಡಿಯಲಾರದು. ಇಳಿಜಾರಿನಲ್ಲಿ ಎಂಜಿನಿನ ತಡೆಯೂ ಅವುಗಳಿಗೆ ತಲಪದು. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣವು, ತಯಾರಕರು ಮೊದಲು ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆದಿರುವುದನ್ನೂ ನೆನಪಿನಲ್ಲಿಡಬೇಕು. ಹತ್ತು ಸೆಂಟಿಮೀಟರಿನ ಎತ್ತರವು ಚಿಕ್ಕದಾಗಿ ಕಂಡರೂ, ಅದರ ಹೊರೆ ಮೊದಲು ಬೀಳುವುದು ಕಣ್ಣಿಗೆ ಕಾಣದೆ ಚೌಕಟ್ಟಿನಡಿಯಲ್ಲಿ ತಿರುಗುವ ಈ ಕೊಳವೆಯ ಮೇಲೆಯೇ.