ಎಂಆರ್‌ಎನ್‌ಎ ಔಷಧಗಳ ಬಾಳಿಕೆ: ರಸಾಯನಶಾಸ್ತ್ರದ ಸಾಧನೆ, ವರ್ತಕರ ಲೆಕ್ಕ

ಕೆಡುವ ಸರಕಿನ ವ್ಯಾಪಾರವು ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳ ವರ್ತಕರಿಗೆ ಹೊಸದೇನಲ್ಲ. ಭಟ್ಕಳದ ಮಲ್ಲಿಗೆ ಬಾಡುವ ಮುನ್ನ ಗಿರಾಕಿಯ ಕೈಸೇರಬೇಕು. ಕಾಸರಕೋಡಿನಲ್ಲಾಗಲಿ ತದಡಿಯಲ್ಲಾಗಲಿ ದೋಣಿಯಿಂದಿಳಿದ ಹಸಿಮೀನು ಮಂಜುಗಡ್ಡೆಯಿಲ್ಲದೆ ದೂರದ ಪೇಟೆ ತಲುಪಲಾರದು. ಅದೇ ಮೀನನ್ನು ಉಪ್ಪು ಹಚ್ಚಿ ಒಣಗಿಸಿದರೆ ತಿಂಗಳುಗಟ್ಟಲೆ ಉಳಿದು ಘಟ್ಟದ ಮೇಲಿನ ಸಂತೆಗೂ ಹೋಗುತ್ತದೆ. ಸರಕಿನ ಬಾಳಿಕೆಯೇ ಅದರ ಮಾರುಕಟ್ಟೆಯ ವಿಸ್ತಾರವನ್ನು ನಿರ್ಧರಿಸುತ್ತದೆ. ಇಂದು ಜಗತ್ತಿನ ಔಷಧೋದ್ಯಮದಲ್ಲಿ ಬಹು ಚರ್ಚಿತವಾಗಿರುವ ಎಂಆರ್‌ಎನ್‌ಎ ಔಷಧಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಔಷಧ ವ್ಯಾಪಾರದಲ್ಲಿ ತೊಡಗಿರುವ ಸದಸ್ಯರು ಈ ವಿಷಯವನ್ನು ಸ್ಥೂಲವಾಗಿಯಾದರೂ ಅರಿತಿರುವುದು ಅಗತ್ಯ.

ಎಂಆರ್‌ಎನ್‌ಎ ಎಂದರೇನು?

ನಮ್ಮ ಜೀವಕೋಶದ ಮೂಲ ದಾಖಲೆ ಡಿಎನ್‌ಎ. ಅದು ಪ್ರಧಾನ ಕಚೇರಿಯ ಕಡತದಂತೆ ಕೋಶಕೇಂದ್ರದಲ್ಲಿಯೇ ಇರುತ್ತದೆ. ಆ ಕಡತದಿಂದ ಬೇಕಾದಷ್ಟು ಭಾಗವನ್ನು ಮಾತ್ರ ನಕಲು ಮಾಡಿ, ಪ್ರೋಟೀನು ತಯಾರಿಸುವ ಕಾರ್ಯಾಗಾರಕ್ಕೆ ಒಯ್ಯುವ ಆದೇಶಪತ್ರವೇ ಸಂದೇಶವಾಹಕ ಆರ್‌ಎನ್‌ಎ, ಅರ್ಥಾತ್ ಎಂಆರ್‌ಎನ್‌ಎ. ಅಡೆನಿನ್, ಯುರಾಸಿಲ್, ಗ್ವಾನಿನ್, ಸೈಟೊಸಿನ್ ಎಂಬ ನಾಲ್ಕೇ ಅಕ್ಷರಗಳಲ್ಲಿ ಈ ಆದೇಶ ಬರೆಯಲ್ಪಟ್ಟಿರುತ್ತದೆ. ಕೆಲಸ ಮುಗಿದೊಡನೆ ಹರಿದುಹಾಕಲೆಂದೇ ಬರೆದ ಚೀಟಿ ಇದು. ಆದುದರಿಂದ ದೀರ್ಘಾಯುಸ್ಸು ಇದರ ಸ್ವಭಾವವಲ್ಲ.

ಹೊರಗೆ ತಯಾರಿಸಿದ ಆದೇಶಪತ್ರವನ್ನು ದೇಹದೊಳಗೆ ಕಳುಹಿಸಿ, ಬೇಕಾದ ಪ್ರೋಟೀನನ್ನು ದೇಹದಿಂದಲೇ ತಯಾರಿಸಿಕೊಳ್ಳಬೇಕೆಂಬುದು ಈ ಔಷಧಗಳ ತತ್ತ್ವ. ಇದಕ್ಕೆ ಬಹುಕಾಲ ಎರಡು ಅಡ್ಡಿಗಳಿದ್ದವು. ಮೊದಲನೆಯದಾಗಿ, ದೇಹದ ರಕ್ಷಣಾ ವ್ಯವಸ್ಥೆಯು ಹೊರಗಿನ ಆರ್‌ಎನ್‌ಎಯನ್ನು ವೈರಾಣುವಿನ ಆಕ್ರಮಣವೆಂದು ಬಗೆದು ಉರಿಯೂತ ಉಂಟುಮಾಡುತ್ತಿತ್ತು. ಎರಡನೆಯದಾಗಿ, ರಕ್ತದಲ್ಲಿಯೂ ಮನುಷ್ಯನ ಚರ್ಮದ ಮೇಲೂ ಇರುವ ಕಿಣ್ವಗಳು ಅದನ್ನು ಕ್ಷಣಮಾತ್ರದಲ್ಲಿ ತುಂಡರಿಸುತ್ತಿದ್ದವು.

ಒಂದು ಅಕ್ಷರದ ತಿದ್ದುಪಡಿ

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಕ್ಯಾಟಲಿನ್ ಕರಿಕೊ ಮತ್ತು ಡ್ರೂ ವೈಸ್‌ಮನ್ ಅವರು 2005ರಲ್ಲಿ ಮೊದಲ ಅಡ್ಡಿಗೆ ಪರಿಹಾರ ತೋರಿದರು. ಯುರಿಡಿನ್ ಎಂಬ ಅಕ್ಷರಘಟಕದ ಸ್ಥಾನದಲ್ಲಿ ಸ್ಯೂಡೊಯುರಿಡಿನ್ ಎಂಬ ಅದರ ರೂಪಾಂತರವನ್ನು ಇರಿಸಿದಾಗ ದೇಹದ ಕಾವಲುಗಾರ ಕೋಶಗಳ ಪ್ರತಿಭಟನೆ ಬಹುಮಟ್ಟಿಗೆ ತಗ್ಗಿತು. ಇವೆರಡರಲ್ಲಿಯೂ ಇರುವ ಪರಮಾಣುಗಳು ಅವೇ. ಅಕ್ಷರವು ಸಕ್ಕರೆಯ ಕೊಂಡಿಗೆ ಜೋಡಣೆಗೊಂಡ ಬಗೆ ಮಾತ್ರ ಬೇರೆ. ಈ ತಿದ್ದುಪಡಿಯಿಂದ ಪ್ರೋಟೀನಿನ ಉತ್ಪತ್ತಿ ಹೆಚ್ಚುತ್ತದೆ, ಕೋಶದೊಳಗೆ ಎಂಆರ್‌ಎನ್‌ಎಯ ಬಾಳಿಕೆಯೂ ಹೆಚ್ಚುತ್ತದೆ ಎಂಬುದು 2008ರಲ್ಲಿ ಪ್ರಕಟವಾಯಿತು. ಇದರ ಮುಂದುವರಿದ ರೂಪವಾದ ಎನ್1-ಮೀಥೈಲ್‌ಸ್ಯೂಡೊಯುರಿಡಿನ್ ಫೈಜರ್-ಬಯೋಎನ್‌ಟೆಕ್ ಮತ್ತು ಮೊಡರ್ನಾ ಸಂಸ್ಥೆಗಳ ಕೋವಿಡ್ ಲಸಿಕೆಗಳಲ್ಲಿ ಬಳಕೆಯಾಯಿತು. 2023ರಲ್ಲಿ ಈ ಇಬ್ಬರು ವಿಜ್ಞಾನಿಗಳಿಗೆ ನೊಬೆಲ್ ಪುರಸ್ಕಾರ ಸಂದಿತು.

ತಿದ್ದುಪಡಿ ಮಾಡದ ಎಂಆರ್‌ಎನ್‌ಎಯನ್ನೇ ನೆಚ್ಚಿದ್ದ ಜರ್ಮನಿಯ ಕ್ಯೂರ್‌ವ್ಯಾಕ್ ಸಂಸ್ಥೆಯ ಮೊದಲ ಕೋವಿಡ್ ಲಸಿಕೆಯು 2021ರ ಪರೀಕ್ಷೆಯಲ್ಲಿ ಶೇ. 48ರಷ್ಟು ಪರಿಣಾಮವನ್ನು ಮಾತ್ರ ತೋರಿತು. ಉಳಿದೆರಡು ಲಸಿಕೆಗಳು 2020ರ ಪರೀಕ್ಷೆಗಳಲ್ಲಿ ಶೇ. 94-95ರಷ್ಟು ಪರಿಣಾಮ ತೋರಿದ್ದವು. ಔಷಧದ ಪ್ರಮಾಣದಲ್ಲಿಯೂ ಆ ಕಾಲದ ವೈರಾಣುವಿನ ತಳಿಗಳಲ್ಲಿಯೂ ವ್ಯತ್ಯಾಸವಿದ್ದುದರಿಂದ ಇಡೀ ಅಂತರವನ್ನು ಒಂದೇ ಕಾರಣಕ್ಕೆ ಕಟ್ಟುವುದು ನ್ಯಾಯವಲ್ಲ.

ಎರಡನೆಯ ಅಡ್ಡಿಯಾದ ಕಿಣ್ವಗಳಿಂದ ಪಾರಾಗಲು ಎಂಆರ್‌ಎನ್‌ಎಯನ್ನು ಅತಿ ಸೂಕ್ಷ್ಮವಾದ ಕೊಬ್ಬಿನ ಕಣಗಳೊಳಗೆ ಇರಿಸಿ ಕಳುಹಿಸಲಾಗುತ್ತದೆ.

ಪೆಟ್ಟಿಗೆಯೊಳಗಿನ ಬಾಳಿಕೆ ಬೇರೆ

ಇಲ್ಲಿ ವರ್ತಕರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ದೇಹದೊಳಗಿನ ಬಾಳಿಕೆ ಬೇರೆ, ಶೀತಕಪೆಟ್ಟಿಗೆಯೊಳಗಿನ ಬಾಳಿಕೆ ಬೇರೆ. ನೊಬೆಲ್ ತಂದ ತಿದ್ದುಪಡಿಯಿದ್ದೂ ಫೈಜರ್ ಲಸಿಕೆಯನ್ನು ಆರಂಭದಲ್ಲಿ ಸೊನ್ನೆಗಿಂತ 70 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿ ಇರಿಸಬೇಕಾಗಿತ್ತು. ನೀರಿನ ಸಾನ್ನಿಧ್ಯದಲ್ಲಿ ಆರ್‌ಎನ್‌ಎ ಸರಪಳಿಯು ತಾನಾಗಿಯೇ ಕಡಿದುಹೋಗುವುದು, ಕೊಬ್ಬಿನ ಕಣಗಳು ಕೆಡುವುದು ಇದಕ್ಕೆ ಕಾರಣ. ಮುಂದೆ ದ್ರಾವಣದ ಲವಣವನ್ನು ಬದಲಿಸಿದ ಬಳಿಕ ಅದೇ ಲಸಿಕೆ 2ರಿಂದ 8 ಡಿಗ್ರಿಯಲ್ಲಿ 10 ವಾರ ಉಳಿಯುವಂತಾಯಿತು.

ಹಾಗಾದರೆ ಎಲ್ಲ ಕೊಂಡಿಗಳನ್ನೂ ಬದಲಿಸಿ ಗಟ್ಟಿಗೊಳಿಸಬಾರದೇಕೆ? ಕೊಲೆಸ್ಟರಾಲ್ ತಗ್ಗಿಸುವ ಇನ್‌ಕ್ಲಿಸಿರಾನ್ ಎಂಬ ಕಿರು ಆರ್‌ಎನ್‌ಎ ಔಷಧದಲ್ಲಿ ಹೀಗೆಯೇ ಮಾಡಲಾಗಿದೆ. 2021ರಲ್ಲಿ ಅಮೆರಿಕದ ಅನುಮೋದನೆ ಪಡೆದ ಈ ಔಷಧವನ್ನು ಕೋಣೆಯ ಉಷ್ಣತೆಯಲ್ಲಿಯೇ ಇಡಬಹುದು. ಆದರೆ ಎಂಆರ್‌ಎನ್‌ಎಯನ್ನು ಕೋಶದ ಕಾರ್ಯಾಗಾರ ಅಕ್ಷರಕ್ಷರವಾಗಿ ಓದಬೇಕಾಗಿದೆ. ತಿದ್ದುಪಡಿ ಮಿತಿಮೀರಿದರೆ ಆದೇಶವನ್ನು ಓದಲಾಗದು.

ಒಣಮೀನಿನ ಮಾರ್ಗ ಮಾತ್ರ ತೆರೆದಿದೆ. ಪುಣೆಯ ಜೆನೋವಾ ಸಂಸ್ಥೆಯ ಮೊದಲ ಎಂಆರ್‌ಎನ್‌ಎ ಕೋವಿಡ್ ಲಸಿಕೆಗೆ 2022ರ ಜೂನ್‌ನಲ್ಲಿ ಅನುಮತಿ ದೊರೆಯಿತು; ಅದು 2ರಿಂದ 8 ಡಿಗ್ರಿಯಲ್ಲಿ ಉಳಿಯುವಂಥದು. 2023ರ ಜೂನ್‌ನಲ್ಲಿ ಬಿಡುಗಡೆಯಾದ ಜೆಮ್‌ಕೋವ್ಯಾಕ್-ಒಎಂ ಲಸಿಕೆಯನ್ನು ಘನೀಕರಿಸಿ ನೀರಿನಂಶ ತೆಗೆದು ಪುಡಿಯಾಗಿಸಲಾಗಿದ್ದು, ಅದಕ್ಕೆ ಅತಿಶೀತಲ ವ್ಯವಸ್ಥೆ ಬೇಕಾಗಿಲ್ಲ.

ಲೆಕ್ಕದ ಪುಸ್ತಕದಲ್ಲಿ

ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ನಮ್ಮ ಊರುಗಳಲ್ಲಿ ವಿದ್ಯುತ್ತು ಗಂಟೆಗಟ್ಟಲೆ ಬಾರದಿರುವುದು ಎಲ್ಲರ ಅನುಭವ. ಇನ್ಸುಲಿನ್ ಮತ್ತು ಲಸಿಕೆಗಳನ್ನು ಇರಿಸುವ ಅಂಗಡಿಗಳು ಈಗಾಗಲೇ ಈ ಅಪಾಯ ಎದುರಿಸುತ್ತಿವೆ. ಉದಾಹರಣೆಗೆ ರೂ. 40,000 ಬೆಲೆಯ ದಾಸ್ತಾನು ಕೆಟ್ಟಿತೆನ್ನೋಣ. ಮಾರಾಟದ ಮೇಲೆ ಶೇ. 10 ಲಾಭವಿದ್ದರೆ, ಆ ನಷ್ಟ ತುಂಬಲು ರೂ. 4 ಲಕ್ಷದ ವಹಿವಾಟು ಬೇಕು. ಸಾಲದ್ದಕ್ಕೆ, 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮದ 17(5)(ಎಚ್) ಪ್ರಕಾರ ನಾಶವಾದ ಅಥವಾ ಲೆಕ್ಕದಿಂದ ವಜಾ ಮಾಡಿದ ಸರಕಿನ ಮೇಲೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯದು, ಪಡೆದಿದ್ದರೆ ಹಿಂದಿರುಗಿಸಬೇಕು. ಅವಧಿ ಮೀರಿದ ಔಷಧವನ್ನು ಸರಬರಾಜುದಾರರು ಹಿಂಪಡೆಯುವ ರೂಢಿಯಿದೆ. ತಂಪು ತಪ್ಪಿ ಕೆಟ್ಟದ್ದಕ್ಕೆ ಅಂಥ ಭರವಸೆಯಿಲ್ಲ. ಈ ನಷ್ಟ ಸಾಮಾನ್ಯ ಅಗ್ನಿವಿಮೆಯಲ್ಲಿಯೂ ತಾನಾಗಿ ಸೇರಿರುವುದಿಲ್ಲ.

ಆದುದರಿಂದ ಇಂಥ ಸರಕನ್ನು ತರಿಸುವ ಮುನ್ನ ನಾಲ್ಕು ವಿಷಯಗಳನ್ನು ಬರಹದಲ್ಲಿ ಕೇಳಿಕೊಳ್ಳಬೇಕು: ಯಾವ ಉಷ್ಣತೆಯಲ್ಲಿ ಎಷ್ಟು ದಿನ ಉಳಿಯುತ್ತದೆ, ತಂಪು ತಪ್ಪಿದರೆ ಎಷ್ಟು ಗಂಟೆ ತಾಳುತ್ತದೆ, ದಾರಿಯಲ್ಲಿನ ಉಷ್ಣತೆಯ ದಾಖಲೆಯನ್ನು ಸರಕಿನೊಡನೆ ಕೊಡುತ್ತಾರೆಯೇ, ಕೆಟ್ಟರೆ ಹೊಣೆ ಯಾರದು. ಅಂಗಡಿಯಲ್ಲಿ ದಿನಕ್ಕೆರಡು ಬಾರಿ ಉಷ್ಣತೆಯನ್ನು ಗುರುತುಹಾಕುವ ಪುಸ್ತಕವಿರಲಿ. ವಿಮೆಯಲ್ಲಿ ಪ್ರತ್ಯೇಕ ರಕ್ಷಣೆ ದೊರೆಯುವುದೇ ಎಂದು ವಿಚಾರಿಸಬೇಕು.

ನಮ್ಮ ಭಾಗಕ್ಕೆ ಇದರ ಮಹತ್ವ

ಹೊನ್ನಾವರ, ಭಟ್ಕಳ ತಾಲ್ಲೂಕುಗಳ ಕಾಡಂಚಿನ ಜನರನ್ನು ಕಾಡುವ ಮಂಗನ ಕಾಯಿಲೆಯ ವೈರಾಣು ಸ್ವತಃ ಒಂದು ಆರ್‌ಎನ್‌ಎ ವೈರಾಣು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗಕ್ಕೆ ಬಳಸುತ್ತಿದ್ದ ಹಳೆಯ ಲಸಿಕೆಯ ಪರಿಣಾಮ ಕುಗ್ಗಿದ್ದರಿಂದ 2022ರಲ್ಲಿ ಅದು ನಿಂತಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದಿರುವ ಹೊಸ ಲಸಿಕೆಯ ಪ್ರಯತ್ನವು ಎಂಆರ್‌ಎನ್‌ಎ ವಿಧಾನದ್ದಲ್ಲ. ಲಸಿಕೆ ಯಾವ ವಿಧದ್ದೇ ಆಗಲಿ, ಅದು ಗೇರುಸೊಪ್ಪೆಯ ಆಚೆಯ ಹಾಡಿಗಳವರೆಗೆ ಕೆಡದೆ ತಲುಪಿದಾಗಲೇ ಉಪಯುಕ್ತ. ಪ್ರಯೋಗಶಾಲೆ ಗಳಿಸಿಕೊಟ್ಟ ಬಾಳಿಕೆಯನ್ನು ಕೊನೆಯ ಮೈಲಿಯಲ್ಲಿ ಕಾಪಾಡುವವರು ಔಷಧ ವರ್ತಕರು. ಈ ಹೊಣೆಯನ್ನು ಅರಿತು ಸಿದ್ಧರಾಗುವುದು ಜನಹಿತಕ್ಕೂ ವ್ಯಾಪಾರಕ್ಕೂ ಒಳಿತೆಂಬುದು ನನ್ನ ವಿನಮ್ರ ಅಭಿಪ್ರಾಯ.